ದೇವರು ದಾರಿ ಬದಲಿಸು ಎಂದಾಗ



"ತಾನೊಂದು ಬಗೆದರೆ ದೈವವೊಂದು ಬಗೆಯಿತು" ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಿಟ್ಟುಸಿರು ಬಿಟ್ಟು ಹೇಳುತ್ತೇವೆ. ಕೆಲಸ ಕೈತಪ್ಪಿದಾಗ, ಗೊತ್ತಾದ ಮದುವೆ ನಿಂತಾಗ, ಕಟ್ಟಬೇಕೆಂದಿದ್ದ ಮನೆ ಅರ್ಧಕ್ಕೆ ಉಳಿದಾಗ ಅದು ಬಾಯಿಗೆ ಬರುತ್ತದೆ. ದೈವ ಬಗೆದದ್ದು ಯಾವಾಗಲೂ ನಮಗೆ ನಷ್ಟವೇ ಎಂಬ ಹಾಗೆ! ಆದರೂ ತಂದೆಯ ಚಿತ್ತ ನೆರವೇರಲೆಂದು ದಿನಕ್ಕೆ ಒಮ್ಮೆಯಾದರೂ ನಾವು ಬೇಡಿಕೊಳ್ಳುತ್ತೇವೆ. ಬೇಡಿದ್ದು ನಿಜವಾಗಿಯೂ ಬಾಗಿಲಿಗೆ ಬಂದರೆ ಏನು ಮಾಡುತ್ತೇವೆ?

ನಮ್ಮ ಬೆಂಗಳೂರು ದಕ್ಷಿಣದ ಧರ್ಮಕೇಂದ್ರಗಳಲ್ಲಿ ಈ ಪ್ರಶ್ನೆ ಹಲವು ವೇಷಗಳಲ್ಲಿ ಬರುತ್ತದೆ. ಜಯನಗರದ ಒಂದು ಮನೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೈತುಂಬ ಸಂಬಳ ತರುತ್ತಿರುವ ಒಬ್ಬನೇ ಮಗ, ಗುರುಮಠಕ್ಕೆ ಸೇರುತ್ತೇನೆ ಎನ್ನಬಹುದು. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಯಲ್ಲಿರುವ ದಂಪತಿಗಳು, ರಾತ್ರಿ ಪಾಳಿಯ ಕೆಲಸದಿಂದಾಗಿ ಮನೆಮಂದಿಯ ಜಪಸರ ನಿಂತೇ ಹೋಯಿತಲ್ಲ ಎಂದು ಕೊರಗಬಹುದು. ಬನಶಂಕರಿಯ ಹಿರಿಯರೊಬ್ಬರಿಗೆ, ದೇವಾಲಯದಲ್ಲಿ ಮೊದಲು ಇಲ್ಲದ್ದನ್ನೆಲ್ಲ ಈಗ ಮಾಡುತ್ತಾರೆ ಎಂದು ಸಿಟ್ಟು ಬರಬಹುದು. ಮೂರೂ ಕಡೆ ಕೇಳುವ ಪ್ರಶ್ನೆ ಒಂದೇ: ಇದು ದೇವರು ಕೇಳುತ್ತಿರುವ ಬದಲಾವಣೆಯೋ, ಮನುಷ್ಯರ ಹುಚ್ಚೋ? ನಮ್ಮೂರಿನ ಪಕ್ಕದಲ್ಲೇ ನಡೆದ ಒಂದು ಸಂಗತಿಯಿಂದ ಇದನ್ನು ನೋಡೋಣ.

ಕೆಂಗೇರಿಯಲ್ಲಿ ಮೂರು ವರ್ಷ

ಬನಶಂಕರಿಯಲ್ಲಿ ಮೆಟ್ರೊದ ಹಸಿರು ಮಾರ್ಗ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಈಗ ಕೆಂಗೇರಿಗೆ ಸಲೀಸಾಗಿ ಹೋಗಿಬಿಡಬಹುದು. 1955ರಲ್ಲಿ ಅದು ಮೈಸೂರು ರಸ್ತೆಯ ಮೇಲಿನ, ಬೆಂಗಳೂರಿನಿಂದ ಹೊರಗಿನ ಊರು. ಆ ವರ್ಷ ಇಂಗ್ಲೆಂಡಿನಿಂದ ಬಂದ ಬೆನೆಡಿಕ್ಟೈನ್ ಸಭೆಯ ಗುರು ಬೀಡ್ ಗ್ರಿಫಿತ್ಸ್, ಜೊತೆಗೆ ಭಾರತೀಯ ಮೂಲದ ಫಾದರ್ ಬೆನೆಡಿಕ್ಟ್ ಆಲಪಾಟ್ಟ್, ಇಬ್ಬರೂ ಕೆಲವು ಆಶ್ರಮಗಳನ್ನು ಸುತ್ತಿ ನೋಡಿದ ಮೇಲೆ ಕೆಂಗೇರಿಯಲ್ಲಿ ನೆಲೆಸಿ ಅಲ್ಲೊಂದು ಮಠ ಕಟ್ಟಲು ಹೊರಟರು.

ಗ್ರಿಫಿತ್ಸ್ ಹುಟ್ಟಿದ್ದು 1906ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿದವರು. 1931ರ ಕ್ರಿಸ್ಮಸ್ ಹಿಂದಿನ ದಿನ ಕಥೋಲಿಕ ಧರ್ಮಸಭೆಗೆ ಸೇರಿದರು. ಬಳಿಕ ಸನ್ಯಾಸಿಯಾಗಿ, 1940ರಲ್ಲಿ ಗುರುದೀಕ್ಷೆ ಪಡೆದರು. ಭಾರತಕ್ಕೆ ಬರಬೇಕೆಂಬ ಆಸೆ ಅವರಲ್ಲಿ ಬಲವಾಗಿ ಬೆಳೆದಿತ್ತು. ತಮ್ಮ ಆತ್ಮದ ಇನ್ನರ್ಧವನ್ನು ಹುಡುಕಲು ಹೋಗುತ್ತಿದ್ದೇನೆಂದು ಗೆಳೆಯರೊಬ್ಬರಿಗೆ ಅವರು ಬರೆದ ಮಾತು ಮುಂದೆ ಪ್ರಸಿದ್ಧವಾಯಿತು.

ಆದರೆ ಮೊದಲ ಸಲ ಕೇಳಿದಾಗ ಮಠದ ಅಧ್ಯಕ್ಷರು ಅನುಮತಿ ಕೊಡಲಿಲ್ಲ. ವಿಧೇಯತೆಯ ವ್ರತ ತೊಟ್ಟವರು, ಸುಮ್ಮನಾದರು. ಸ್ವಲ್ಪ ಕಾಲದ ಮೇಲೆ ಅದೇ ಅಧ್ಯಕ್ಷರು ತಾವಾಗಿಯೇ ಭಾರತಕ್ಕೆ ಹೋಗಬಹುದು ಎಂದರು. ಆದರೆ ಈ ಬಾರಿ ಒಂದು ಷರತ್ತಿತ್ತು. ಇಂಗ್ಲೆಂಡಿನ ಮಠದ ಶಾಖೆಯಾಗಿ ಹೋಗುವಂತಿಲ್ಲ. ಅಲ್ಲಿನ ಧರ್ಮಾಧ್ಯಕ್ಷರ ಅಧಿಕಾರಕ್ಕೆ ಒಳಪಟ್ಟು ಇರಬೇಕು. ಎಂದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ತಮ್ಮದೆಂದುಕೊಂಡಿದ್ದ ಮಠದ ನಂಟನ್ನು ಕಡಿದುಕೊಳ್ಳಬೇಕು. ಗ್ರಿಫಿತ್ಸ್ ಒಪ್ಪಿದರು. ಆಗ ಅವರಿಗೆ 48 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಜನ ನಿವೃತ್ತಿಯ ಲೆಕ್ಕ ಹಾಕಲು ಶುರುಮಾಡಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಕೆಂಗೇರಿಯ ಮಠ ಬೆಳಗಬೇಕಿತ್ತಲ್ಲವೇ? ಬೆಳಗಲಿಲ್ಲ. ಕಟ್ಟಬೇಕೆಂದಿದ್ದು ನಿಲ್ಲಲಿಲ್ಲ. 1958ರಲ್ಲಿ ಗ್ರಿಫಿತ್ಸ್ ಕೆಂಗೇರಿ ಬಿಟ್ಟರು. ಅಲ್ಲಿನ ರೀತಿ ತೀರ ಪಾಶ್ಚಾತ್ಯವಾಗಿತ್ತು ಎಂಬುದು ಅವರು ಕೊಟ್ಟ ಕಾರಣ. ದೂರದ ಇಂಗ್ಲೆಂಡಿನಿಂದ ಸರಳ ಜೀವನಕ್ಕೆಂದೇ ಬಂದವರಿಗೆ, ತಾವು ಹೊತ್ತು ತಂದ ಸರಳತೆ ಕೂಡ ಈ ನೆಲದ್ದಲ್ಲ ಎಂದು ತಿಳಿಯಲು ಮೂರು ವರ್ಷ ಬೇಕಾಯಿತು.

ಅವರು ಊರಿಗೆ ಮರಳಲಿಲ್ಲ. ಬೆಲ್ಜಿಯಂನ ಸನ್ಯಾಸಿ ಫ್ರಾನ್ಸಿಸ್ ಆಚಾರ್ಯರನ್ನು ಕೂಡಿಕೊಂಡು ಅದೇ 1958ರಲ್ಲಿ ಕೇರಳದ ಬೆಟ್ಟದ ಮೇಲೆ ಕುರಿಸುಮಲ ಆಶ್ರಮಕ್ಕೆ ಕೈಹಾಕಿದರು. ಅಲ್ಲಿ ಸಿರಿಯಾಕ್ ಪೂಜಾವಿಧಿ. ಹತ್ತು ವರ್ಷದ ಮೇಲೆ, 1968ರಲ್ಲಿ, ಮತ್ತೊಂದು ಕರೆ. ತಮಿಳುನಾಡಿನ ಕುಳಿತ್ತಲೈ ಬಳಿ, ನಮ್ಮ ಕಾವೇರಿಯ ದಂಡೆಯ ಮೇಲೆ, ಇಬ್ಬರು ಫ್ರೆಂಚ್ ಗುರುಗಳು 1950ರಲ್ಲಿ ಸ್ಥಾಪಿಸಿದ್ದ ಶಾಂತಿವನ ಆಶ್ರಮವನ್ನು ಅವರು ವಹಿಸಿಕೊಂಡರು. 1993ರಲ್ಲಿ ತೀರಿಕೊಳ್ಳುವವರೆಗೂ ಅವರ ನೆಲೆ ಅದೇ. ಅವರು ಬರೆದದ್ದನ್ನೆಲ್ಲ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಒಪ್ಪದ ಕಥೋಲಿಕರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ತೋರಿಸಬೇಕೆಂದಿರುವುದು ಅವರು ನಡೆದ ರೀತಿಯನ್ನು ಮಾತ್ರ.

ಆ ನಡಿಗೆಯಲ್ಲಿ ಒಂದನ್ನು ಗಮನಿಸಿ. ದೇವರು ಅವರಿಗೆ ಪೂರ್ತಿ ನಕ್ಷೆಯನ್ನು ಒಮ್ಮೆಯೂ ಕೊಡಲಿಲ್ಲ. ಆಸೆ ಇದ್ದದ್ದು ಗ್ರಿಫಿತ್ಸರಲ್ಲಿ. ಅದಕ್ಕೆ ಸರಿಯಾದ ಆಕಾರ ಬಂದದ್ದು ಬೇಡವೆಂದಿದ್ದ ಅಧ್ಯಕ್ಷರ ಬಾಯಿಂದ. ಮಠ ಕಟ್ಟುವ ಶ್ರಮ ಅವರದು. ಅದು ಹೇಗಿರಬಾರದು ಎಂಬ ಪಾಠ ಕೆಂಗೇರಿಯದು. ಒಬ್ಬರ ಕೈಯಲ್ಲಿ ಅರ್ಧ, ಇನ್ನೊಬ್ಬರ ಕೈಯಲ್ಲಿ ಇನ್ನರ್ಧ. ಇದೇನು ಹೊಸದೇ? ಪವಿತ್ರ ಬೈಬಲಿನಲ್ಲಿ ಇದಕ್ಕಿಂತ ಹಳೆಯ ಸಾಕ್ಷಿಯಿದೆ.

ಮಾಳಿಗೆಯ ಮೇಲೆ ಪೇತ್ರರು

ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯವನ್ನು ಎಷ್ಟು ಸಲ ಕೇಳಿದ್ದೇವೋ! ಕೇಳಿ ಕೇಳಿ ಅದರ ಸಣ್ಣ ವಿವರಗಳು ಕಿವಿಗೆ ಬೀಳುವುದೇ ಇಲ್ಲ. ಸೆಜರೇಯದಲ್ಲಿ ಕೊರ್ನೇಲಿ ಎಂಬ ರೋಮನ್ ಶತಾಧಿಪತಿ. ಯೆಹೂದ್ಯನಲ್ಲ, ಆದರೆ ದೇವಭಯವುಳ್ಳವನು, ದಾನಧರ್ಮ ಮಾಡುವವನು. ಅವನಿಗೆ ದೇವದೂತನ ದರ್ಶನವಾಗುತ್ತದೆ. ದೇವದೂತನು ಅವನಿಗೆ ಶುಭಸಂದೇಶವನ್ನು ತಾನೇ ಸಾರಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಜೊಪ್ಪದಲ್ಲಿ ಪೇತ್ರ ಎಂಬವರಿದ್ದಾರೆ, ಕರೆಸಿಕೋ ಎಂದು ವಿಳಾಸ ಕೊಟ್ಟು ಹೊರಟುಹೋದ.

ಇತ್ತ ಪೇತ್ರರು ಜೊಪ್ಪದಲ್ಲಿ ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ ಇಳಿದುಕೊಂಡಿದ್ದಾರೆ. ಸತ್ತ ಪ್ರಾಣಿಯ ತೊಗಲು ಮುಟ್ಟುವ ಕಸುಬೆಂದರೆ ಯೆಹೂದ್ಯರ ಆಚಾರದಲ್ಲಿ ಮೈಲಿಗೆಗೆ ಹತ್ತಿರದ್ದು. ಅಂಥ ಮನೆಯಲ್ಲಿ ಉಳಿದ ಪೇತ್ರರು, ತಮಗೆ ಅರಿವಿಲ್ಲದೆಯೇ ಒಂದು ಹೆಜ್ಜೆ ಮುಂದಿಟ್ಟಿದ್ದರು ಎನ್ನಬೇಕು. ಮಧ್ಯಾಹ್ನದ ಹೊತ್ತು, ಪ್ರಾರ್ಥನೆಗೆಂದು ಮಾಳಿಗೆ ಹತ್ತಿದ್ದಾರೆ, ಹಸಿವೂ ಆಗಿದೆ. ಆಗ ದರ್ಶನ: ಆಕಾಶದಿಂದ ಇಳಿಯುವ ಜೋಳಿಗೆಯಂಥ ಬಟ್ಟೆ, ಅದರಲ್ಲಿ ಎಲ್ಲ ಬಗೆಯ ಪ್ರಾಣಿಗಳು, ಕೊಂದು ತಿನ್ನು ಎಂಬ ವಾಣಿ. ಪೇತ್ರರು ಸಾಧ್ಯವೇ ಇಲ್ಲ ಎನ್ನುತ್ತಾರೆ. ಮೂರು ಸಲ ಹೀಗೆ ನಡೆಯುತ್ತದೆ. ಪ್ರಭುವನ್ನು ಅರಿಯೆನೆಂದು ಮೂರು ಸಲ ಹೇಳಿದ ಅದೇ ಪೇತ್ರರು, ಇಲ್ಲಿ ಭಕ್ತಿಯ ಹೆಸರಿನಲ್ಲಿ ಬೇಡ ಎನ್ನುತ್ತಿದ್ದಾರೆ ನೋಡಿ.

ದರ್ಶನ ಮುಗಿದಾಗ ಅವರಿಗೆ ಅದರ ಅರ್ಥ ತಿಳಿದಿರಲಿಲ್ಲ. ಇದೇನಿರಬಹುದು ಎಂದು ಗೊಂದಲದಲ್ಲಿದ್ದಾಗಲೇ ಕೊರ್ನೇಲಿಯ ಆಳುಗಳು ಕೆಳಗೆ ಬಾಗಿಲಲ್ಲಿ ನಿಂತು ವಿಚಾರಿಸುತ್ತಾರೆ. ದರ್ಶನದ ಅರ್ಥ ನೆಲದ ಮೇಲೆ ಕಾಯುತ್ತಿತ್ತು. ಅದಕ್ಕಾಗಿ ಮೆಟ್ಟಿಲಿಳಿದು ಬರಬೇಕಿತ್ತು, ಅಪರಿಚಿತರನ್ನು ಒಳಗೆ ಕರೆದು ರಾತ್ರಿ ಉಳಿಸಿಕೊಳ್ಳಬೇಕಿತ್ತು.

ಮರುದಿನ ಪೇತ್ರರು ಒಬ್ಬರೇ ಹೋಗಲಿಲ್ಲ. ಜೊಪ್ಪದ ಆರು ಮಂದಿ ಸಹೋದರರನ್ನು ಜೊತೆಗೆ ಕರೆದೊಯ್ದರು ಎಂಬುದು ಹನ್ನೊಂದನೆಯ ಅಧ್ಯಾಯದಲ್ಲಿ ತಿಳಿಯುತ್ತದೆ. ಕೊರ್ನೇಲಿಯ ಮನೆಯಲ್ಲಿ ಮಾತು ಮುಗಿಯುವ ಮೊದಲೇ ಪವಿತ್ರಾತ್ಮರು ಕೇಳುಗರ ಮೇಲೆ ಇಳಿದರು. ಅದನ್ನು ಆ ಆರು ಮಂದಿಯೂ ಕಂಡರು. ಜೆರುಸಲೇಮಿಗೆ ಮರಳಿದಾಗ ತಕರಾರು ಎದ್ದಿತು. ಆ ಮನೆಗೆ ಹೋಗಿ ಅವರೊಡನೆ ಉಂಡಿರಲ್ಲಾ ಎಂಬುದೇ ಮೊದಲ ಆಕ್ಷೇಪಣೆ. ಪೇತ್ರರು ಅಧಿಕಾರ ಚಲಾಯಿಸಿ ಬಾಯಿ ಮುಚ್ಚಿಸಲಿಲ್ಲ. ಆರಂಭದಿಂದ ನಡೆದುದನ್ನು ಒಂದೊಂದಾಗಿ ವಿವರಿಸಿದರು, ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಿದರು. ಕೇಳಿದವರು ಮೌನವಾಗಿ, ಆಮೇಲೆ ದೇವರನ್ನು ಕೊಂಡಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ನೋಡಿ. ಇದೇ ಪೇತ್ರರು ಅಂತಿಯೋಕ್ಯದಲ್ಲಿ, ಯಕೋಬರ ಕಡೆಯವರು ಬಂದಾಗ ಅವರಿಗೆ ಅಂಜಿ, ಅನ್ಯಜನಾಂಗದ ವಿಶ್ವಾಸಿಗಳೊಡನೆ ಊಟ ಮಾಡುವುದನ್ನು ನಿಲ್ಲಿಸಿದರು. ಪೌಲರು ಎದುರಿಗೇ ಆಕ್ಷೇಪಿಸಬೇಕಾಯಿತು. ಸ್ವರ್ಗದಿಂದ ದರ್ಶನ ಪಡೆದವರಿಗೂ ಒಮ್ಮೆ ತಿರುಗಿದ ಮನಸ್ಸು ಹಾಗೆಯೇ ನಿಲ್ಲಲಿಲ್ಲ. ವರ್ಷಕ್ಕೊಂದು ಧ್ಯಾನಕೂಟಕ್ಕೆ ಹೋಗಿಬಂದು, ಮೂರು ವಾರದ ಮೇಲೆ ಹಳೆಯ ಸಿಡುಕು ಮರಳಿತೆಂದು ಬೇಸರಪಡುವವರಿಗೆ ಇದರಲ್ಲಿ ಸಮಾಧಾನವಿದೆ.

ಒಂದು ಆರತಿ ತಟ್ಟೆಯ ಸುತ್ತ

ಒಬ್ಬ ವ್ಯಕ್ತಿಯ ಮಾತು ಹಾಗಿರಲಿ, ಇಡೀ ಧರ್ಮಸಭೆಯೇ ಬದಲಾಗಬೇಕಾದಾಗ? ಅದಕ್ಕೂ ಬೆಂಗಳೂರೇ ಸಾಕ್ಷಿ.

ಎರಡನೇ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಸಂವಿಧಾನವನ್ನು 1963ರ ಡಿಸೆಂಬರ್ 4ರಂದು ಅಂಗೀಕರಿಸಿತು. ಪರವಾಗಿ 2147 ಮತಗಳು, ವಿರುದ್ಧ 4. ಲ್ಯಾಟಿನ್ ಜೊತೆಗೆ ಜನರ ಭಾಷೆಗಳಿಗೆ ಬಲಿಪೀಠದ ಬಳಿ ಜಾಗ ಸಿಕ್ಕಿದ್ದು ಅದರಿಂದ. ನಮ್ಮ ನಾಡಿನಲ್ಲಿ ಆ ಕೆಲಸಕ್ಕೆಂದು ಧರ್ಮಾಧ್ಯಕ್ಷರು 1967ರಲ್ಲಿ ಬೆಂಗಳೂರಿನಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ಸ್ಥಾಪಿಸಿದರು. ಅದರ ಸ್ಥಾಪಕ ನಿರ್ದೇಶಕರು ಫಾದರ್ ಡಿ.ಎಸ್. ಅಮಲೋರ್ಪವದಾಸ್. ಅವರ ಅಣ್ಣ ಡಿ. ಸೈಮನ್ ಲೂರ್ದುಸ್ವಾಮಿಯವರು 1968ರಿಂದ 1971ರವರೆಗೆ ನಮ್ಮ ಮಹಾಧರ್ಮಾಧ್ಯಕ್ಷರು, ಮುಂದೆ ಕಾರ್ಡಿನಲ್ ಆದವರು. ತಮ್ಮನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನಕ್ಕೆ ತಳಪಾಯ ಹಾಕಿ, ಅಲ್ಲೇ ಅಂಜಲಿ ಆಶ್ರಮ ಕಟ್ಟಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

1969ರ ಏಪ್ರಿಲ್ 25ರಂದು ರೋಮ್ ಭಾರತಕ್ಕೆ ಹನ್ನೆರಡು ಅಂಶಗಳ ಒಪ್ಪಿಗೆ ಕೊಟ್ಟಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿದು ಆಳವಾಗಿ ತಲೆಬಾಗುವುದು, ಪಂಚಾಂಗ ಪ್ರಣಾಮ, ಶಾಂತಿಯ ಗುರುತನ್ನು ಅಂಜಲಿಯಿಂದ ಹಂಚಿಕೊಳ್ಳುವುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆ ದೀಪ, ಹೂ ಧೂಪ ದೀಪಗಳ ಆರತಿ ಇವೆಲ್ಲ ಅದರಲ್ಲಿದ್ದವು. ಯಾವುದನ್ನು ಎಷ್ಟು ಬಳಕೆಗೆ ತರಬೇಕೆಂಬುದನ್ನು ಆಯಾ ಧರ್ಮಾಧ್ಯಕ್ಷರಿಗೆ ಬಿಡಲಾಗಿತ್ತು.

ವಿರೋಧ ಜೋರಾಗಿಯೇ ಬಂತು. ಬಿಟ್ಟು ಬಂದದ್ದಕ್ಕೆ ಮರಳಬೇಕೇ ಎಂದು ಕೆಲವರು ಕೇಳಿದರು. ಅದಕ್ಕಿಂತ ಗಂಭೀರವಾದ ಮಾತನ್ನು ಆಮೇಲೆ ದಲಿತ ಕ್ರೈಸ್ತರು ಆಡಿದರು: ಭಾರತೀಯವೆಂದು ನೀವು ಆರಿಸಿಕೊಂಡದ್ದು ಮೇಲ್ಜಾತಿಯ ಗುಡಿಯ ಆಚಾರ, ಆ ಗುಡಿಯ ಹೊಸ್ತಿಲನ್ನೇ ತುಳಿಯಲು ಬಿಡದಿದ್ದ ನಮ್ಮ ಹಿರಿಯರ ಹಾಡು, ತಮಟೆ ಎಲ್ಲಿ? ಇದನ್ನು ಹಠಮಾರಿತನವೆಂದು ತಳ್ಳಿಹಾಕಲಾಗದು. ದೇವರು ತೋರಿಸಬೇಕೆಂದಿದ್ದ ಇನ್ನರ್ಧ ಅವರ ಕೈಯಲ್ಲಿತ್ತು ಎಂದು ನನಗನ್ನಿಸುತ್ತದೆ. ಲ್ಯಾಟಿನ್ ಹೋದ ಮೇಲೆ ಯಾರ ಭಾಷೆ ಎಂಬ ಪ್ರಶ್ನೆಯೂ ಎದ್ದಿತು. ಕನ್ನಡ, ತಮಿಳು, ಕೊಂಕಣಿ, ಮಲಯಾಳ, ಇಂಗ್ಲಿಷ್ ಎಲ್ಲವೂ ಇರುವ ನಮ್ಮ ಊರಿನಲ್ಲಿ ಅದು ಕೊಟ್ಟ ನೋವು ಇನ್ನೂ ಪೂರ್ತಿ ಮಾಸಿಲ್ಲ.

ಇಂದು ನಾವು ದೀಪ ಬೆಳಗಿಸಿ ಸಮಾರಂಭ ಆರಂಭಿಸುವಾಗ, ಕೈಮುಗಿದು ಶಾಂತಿ ಕೋರುವಾಗ, ಅದು ಅನ್ಯವೆಂದು ಎಷ್ಟು ಮಂದಿಗೆ ಅನ್ನಿಸುತ್ತದೆ? ಹನ್ನೆರಡರಲ್ಲಿ ಕೆಲವು ಹೀಗೆ ಒಗ್ಗಿದವು, ಕೆಲವು ನಿಲ್ಲಲಿಲ್ಲ. ಧರ್ಮಸಭೆ ಅದರಿಂದ ಕುಸಿಯಲಿಲ್ಲ. ಪವಿತ್ರ ಗುರುವಾರ ಹೆಂಗಸರ ಪಾದವನ್ನೂ ತೊಳೆಯಬಹುದೆಂದು 2016ರ ಜನವರಿಯಲ್ಲಿ ರೋಮ್ ಹೇಳಿದಾಗ, ವಾಚಕರಾಗಿ ಪೀಠಸೇವಕರಾಗಿ ವಿಧಿಪೂರ್ವಕ ನೇಮಕ ಹೆಂಗಸರಿಗೂ ಸಲ್ಲುತ್ತದೆಂದು 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ನಿಯಮ ತಿದ್ದಿದಾಗಲೂ ಮುಖ ಸಿಂಡರಿಸಿದವರಿದ್ದರು. ಅಂಥವರೊಡನೆ ಮಾತಾಡುವಾಗ ಪೇತ್ರರ ತಾಳ್ಮೆ ಬೇಕು. ಗುರುಗಳಿಗೂ ಬೇಕು, ಧರ್ಮಕೇಂದ್ರದ ಪಾಲನಾ ಮಂಡಳಿಗೂ ಬೇಕು.

ಮನೆಯೊಳಗೆ

ಈಗ ಜಯನಗರದ ಆ ಮನೆಗೆ ಬರೋಣ. ಗುರುಮಠಕ್ಕೆ ಹೋಗುತ್ತೇನೆಂಬ ಮಗನಿಗೆ ಏನು ಹೇಳಬೇಕು?

ಮೊದಲು, ಅವನಿಗೆ ಆಸೆ ಬಲವಾಗಿದೆ ಎಂಬುದಷ್ಟೇ ದೇವರ ಕರೆಗೆ ಸಾಕ್ಷಿಯಾಗದು. ಅಪ್ಪ ಅಮ್ಮನಿಗೆ ಸಂಕಟವಾಗಿದೆ ಎಂಬುದಷ್ಟೇ ಕರೆ ಇಲ್ಲವೆಂಬುದಕ್ಕೂ ಸಾಕ್ಷಿಯಾಗದು. ಒಂದು ವರ್ಷ ತಡೆದು ನೋಡು ಎನ್ನುವ ಹಕ್ಕು ತಂದೆತಾಯಿಗೆ ಇದೆ. ದೇವರದ್ದಾಗಿದ್ದರೆ ಆ ಆಸೆ ತಡೆದರೂ ಉಳಿಯುತ್ತದೆ. ಆದರೆ ಆ ವರ್ಷವನ್ನು ಅವನ ಮನಸ್ಸು ಮುರಿಯಲು ಬಳಸಬಾರದು. ಹೆಣ್ಣು ತೋರಿಸುವುದು, ಅಜ್ಜಿಯಿಂದ ಕಣ್ಣೀರು ಹಾಕಿಸುವುದು ನಮ್ಮಲ್ಲಿ ನಡೆಯುತ್ತದೆ, ಇಲ್ಲವೆನ್ನುವುದು ಬೇಡ. ಮಗನೂ ಒಂದು ತಿಳಿದಿರಬೇಕು. ದೇವರಿಗೆ ಮುಡಿಪು ಎಂದು ಹೇಳಿ ಹೆತ್ತವರ ಹೊಣೆಯಿಂದ ನುಣುಚಿಕೊಳ್ಳುವವರನ್ನು ಪ್ರಭು ಯೇಸು ಕಟುವಾಗಿ ಖಂಡಿಸಿದ್ದಾರೆ (ಮತ್ತಾಯ 15:3-6). ಕಾಯಿಲೆಯ ತಾಯಿ ಇದ್ದರೆ ಅವಳ ಆರೈಕೆಗೆ ದಾರಿ ಮಾಡುವುದೂ ಆ ಕರೆಯ ಒಂದು ಭಾಗವೇ.

ಇನ್ನು ಮನಸ್ಸಿನ ಒಳಗನ್ನು ಪರೀಕ್ಷಿಸುವುದು. ಸಂತ ಲೊಯೋಲದ ಇಗ್ನೇಷಿಯಸರು 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಕಾಲಿಗೆ ಪೆಟ್ಟು ತಿಂದು ಹಾಸಿಗೆ ಹಿಡಿದಿದ್ದಾಗ ಒಂದು ವ್ಯತ್ಯಾಸ ಕಂಡುಕೊಂಡರು. ಶೂರರ ಸಾಹಸ ನೆನೆದಾಗ ಆ ಹೊತ್ತಿಗೆ ಹಿತ, ಆಮೇಲೆ ಬರಿದು. ಸಂತರಂತೆ ಬದುಕುವುದನ್ನು ನೆನೆದರೆ ಆಮೇಲೂ ಉಳಿಯುವ ನೆಮ್ಮದಿ. ಮುಂದೆ ಅವರು ಕೊಟ್ಟ ಒಂದು ಸಲಹೆಯನ್ನು ಇಂದಿನ ಅವಸರದ ಜನ ಬರೆದಿಟ್ಟುಕೊಳ್ಳಬೇಕು: ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಗುರುಗಳ ಮೇಲಿನ ಸಿಟ್ಟಿಗೆ ಧರ್ಮಕೇಂದ್ರ ಬಿಡುವುದು, ಗಂಡಹೆಂಡಿರ ಜಗಳದ ರಾತ್ರಿ ಮನೆ ಬಿಡುವ ತೀರ್ಮಾನ, ಸೋಲಿನ ವಾರದಲ್ಲಿ ಭಕ್ತಸಂಘಕ್ಕೆ ರಾಜೀನಾಮೆ ಇವಕ್ಕೆಲ್ಲ ಅದು ಸಲ್ಲುತ್ತದೆ. ಆದರೆ ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಹೆಣ್ಣುಮಗಳಿಗೆ ಈ ಸಲಹೆ ಹೇಳಬೇಡಿ. ಅವಳು ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಬೇಕು.

ಬಿ.ಟಿ.ಎಂ. ಬಡಾವಣೆಯ ದಂಪತಿಗಳ ವಿಷಯ ಇಷ್ಟು ಕಷ್ಟದ್ದಲ್ಲ. ಸಂಜೆ ಏಳಕ್ಕೇ ಜಪಸರ ಆಗಬೇಕೆಂದು ಯಾವ ಸುವಾರ್ತೆಯೂ ಹೇಳಿಲ್ಲ. ಪಾಳಿ ಮುಗಿಸಿ ಬಂದವರು ಕಾಫಿ ಕುಡಿಯುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಡುತ್ತಾರೆ; ಆ ಹತ್ತು ನಿಮಿಷದಲ್ಲಿ ಒಂದು ದಶಕ ಹೇಳಿ. ಅಜ್ಜಿಯ ಭಾಷೆಯಲ್ಲಿ ಅರ್ಧ, ಮಕ್ಕಳ ಭಾಷೆಯಲ್ಲಿ ಅರ್ಧ ಹೇಳಿದರೆ ಮಾತೆ ಮರಿಯಮ್ಮನವರಿಗೆ ಎರಡೂ ತಿಳಿಯುತ್ತದೆ.

ಸಲಹೆ ಕೇಳಲು ನಮಗೆ ಜನರ ಕೊರತೆಯಿಲ್ಲ. ಹೊಸೂರು ರಸ್ತೆಯ ಧರ್ಮಾರಾಮದಿಂದ ಹಿಡಿದು ಈ ಭಾಗದಲ್ಲಿ ಎಷ್ಟೊಂದು ಗುರುಮಠಗಳು, ಕನ್ಯಾಸ್ತ್ರೀ ಮಠಗಳು! ಭಾನುವಾರದ ಪೂಜೆ ಮುಗಿದ ತಕ್ಷಣ ವಾಹನ ನಿಲ್ಲಿಸಿದ ಜಾಗಕ್ಕೆ ಓಡುವ ಬದಲು ಒಂದು ಸಲ ಅಲ್ಲಿನ ಬಾಗಿಲು ತಟ್ಟಬಹುದು. ನೀವು ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರ ಬಳಿ ಮಾತ್ರ ಹೋಗಬೇಡಿ. ಗ್ರಿಫಿತ್ಸರಿಗೆ ಉಪಕಾರ ಮಾಡಿದವರು ಮೊದಲು ಬೇಡವೆಂದವರೇ.

ಈ ವಾರ ಮನೆಯಲ್ಲಿ ಪ್ರೇಷಿತರ ಕಾರ್ಯಕಲಾಪಗಳು 10:1ರಿಂದ 11:18ರವರೆಗೆ ದಿನಕ್ಕೆ ಸ್ವಲ್ಪದಂತೆ ಗಟ್ಟಿಯಾಗಿ ಓದಿ. ಕೊರ್ನೇಲಿಯ ಮಾತು ಬಂದಾಗ ಓದುವ ಸರದಿಯನ್ನು ಮನೆಯ ಅತ್ಯಂತ ಕಿರಿಯರಿಗೆ ಕೊಡಿ. ಓದಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಈಗ ನಮ್ಮ ಬಾಗಿಲಲ್ಲಿ ಯಾರು ನಿಂತಿದ್ದಾರೆ? ಉತ್ತರಿಸಲು ಹಿರಿಯರು ಅವಸರ ಮಾಡದಿರಲಿ. ಮಕ್ಕಳು ಮೊದಲು ಹೇಳಲಿ.